ಟಂಡ್ರಾಕ್ಕೆ ಎರಡು ಹಿಡಿ ಉಪ್ಪು

ನಾನು ಪದವೀಧರನಾಗುವುದು ಸಾಧ್ಯವೇ ಇಲ್ಲ ಎಂದು ಮೊಟ್ಟಮೊದಲು ಸಾರಿದವರು ನನ್ನ ಸೋದರಮಾವ, ಮೀನಿನ ಬೋಟು ನಡೆಸುವ ತಾಂಡೇಲ ರಾಮಪ್ಪ ಮಾಮ. ನಮ್ಮ ಕುಟುಂಬದಲ್ಲಿ ಅದುವರೆಗೆ ಹತ್ತನೇ ಕ್ಲಾಸು ದಾಟಿದವರು ಯಾರೂ ಇರಲಿಲ್ಲ. ಬಿ.ಎಸ್ಸಿ. ಕೊನೆಯ ವರ್ಷದ ಸಸ್ಯಶಾಸ್ತ್ರ ಪ್ರಾಕ್ಟಿಕಲಿನಲ್ಲಿ ನಾನು ಫೇಲಾದಾಗ ಮಾಮ ಬೇಸರವನ್ನೇನೂ ತೋರಿಸಲಿಲ್ಲ.

"ಇನ್ನೊಂದು ಸಲ ಕೂತ್ಕೊ ಮಾರಾಯ. ಅದೂ ಹೋದ್ರೆ ಸೋಮವಾರ ಬೋಟಿಗೆ ಬಾ. ನಿನ್ನ ಜಾಗ ಖಾಲಿ ಉಂಟು" ಎಂದರು.

ನಾನೋ, ಬಂದರಿನ ದಕ್ಕೆಗೆ ಕಟ್ಟಿಹಾಕಿದ ಬೋಟಿನಲ್ಲೇ ವಾಂತಿ ಮಾಡುವವನು. ಆದ್ದರಿಂದ ಎರಡನೆಯ ಸಲ ಪಾಸಾಗುವುದು ನನಗೆ ವಿದ್ಯೆಯ ಪ್ರಶ್ನೆಯಾಗಿರಲಿಲ್ಲ, ಹೊಟ್ಟೆಯ ಪ್ರಶ್ನೆಯಾಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳವು. ಆ ಸಲ ಪ್ರತಿಯೊಬ್ಬನೂ ಒಂದೊಂದು ಪರಿಸರದ ಮಾದರಿ ತಯಾರಿಸಿ ಪರೀಕ್ಷಕರಿಗೆ ವಿವರಿಸಬೇಕಿತ್ತು. ಚೀಟಿ ಎತ್ತಿಸಿದರು. ಪಕ್ಕದವನಿಗೆ ಮರುಭೂಮಿ ಬಂತು. ಒಂದು ಬುಟ್ಟಿ ಹೊಯ್ಗೆಯಲ್ಲಿ ಅವನ ಕೆಲಸ ಮುಗಿಯಿತು. ನನಗೆ ಬಂದದ್ದು ಟಂಡ್ರಾ!

ಲೈಬ್ರರಿಯ ಪುಸ್ತಕ ತೆರೆದೆ. ಭೂಮಿಯ ಉತ್ತರದ ತುದಿ. ಮರವಿಲ್ಲದ ಬಯಲು. ಮೇಲೆ ಒಂದು ಗೇಣು ಪಾಚಿ, ಕೆಳಗೆ ಸಾವಿರಾರು ವರ್ಷಗಳಿಂದ ಕರಗದೆ ಕಲ್ಲಾದ ಮಣ್ಣು. ಹವೆ ಬಿಸಿಯಾದರೆ ಆ ನೆಲಕ್ಕೆ ಏನಾಗುತ್ತದೆ ಎಂಬುದು ಕೊನೆಯ ಅಧ್ಯಾಯದಲ್ಲಿತ್ತು. ಕೊನೆಯ ಅಧ್ಯಾಯ ಪರೀಕ್ಷೆಗೆ ಬರುವುದಿಲ್ಲವೆಂಬ ದೃಢ ನಂಬಿಕೆಯಿಂದ ಪುಸ್ತಕ ಮುಚ್ಚಿದೆ.

ಮಂಗಳೂರಿನಲ್ಲಿ ಹಿಮಕ್ಕೆ ನಮಗಿಂತ ಹತ್ತಿರದವರು ಯಾರಿದ್ದಾರೆ? ಅಮ್ಮ ದಕ್ಕೆಯಲ್ಲಿ ಮೀನು ಮಾರುವವಳು; ಐಸ್ ಪ್ಲಾಂಟಿನವರೆಲ್ಲ ಅವಳ ಪರಿಚಯದವರು. ಮೀನಿನ ದೊಡ್ಡ ಟ್ರೇಯೊಂದಕ್ಕೆ ಹೊಳೆಬದಿಯ ಕಪ್ಪು ಕೆಸರು ತುಂಬಿದೆ. ಕೊಳೆತ ಎಲೆ, ಸಿಗಡಿ ಸಿಪ್ಪೆ ಎಲ್ಲ ಅದರೊಳಗೇ ಇತ್ತು. ಮೇಲೆ ಕಾಂಪೌಂಡ್ ಗೋಡೆಯ ಪಾಚಿ, ಬೆಂಕಿಪೊಟ್ಟಣದ ಒಂದು ಮನೆ. ಹಿಮಸಾರಂಗ ಬೇಕಿತ್ತಲ್ಲ? ನೆರೆಮನೆಯ ಲಿಲ್ಲಿ ಬಾಯಿಯ ಕ್ರಿಸ್ಮಸ್ ಗೋದಲಿಯ ಗೊಂಬೆಗಳಿಂದ, ರಾಜರ ಸವಾರಿಯ ಎರಡು ಮಣ್ಣಿನ ಒಂಟೆಗಳನ್ನು ಬೇಡಿ ತಂದು, ತಲೆಗೆ ಪೊರಕೆ ಕಡ್ಡಿಯ ಕೊಂಬು ಕಟ್ಟಿದೆ.

"ಜಾಗ್ರತೆ ಹಾಂ. ಕಳೆದ್ರೆ ನನ್ನ ರಾಜರು ನಡ್ಕೊಂಡೇ ಬರ್ಬೇಕು" ಎಂದಿದ್ದರು ಲಿಲ್ಲಿ ಬಾಯಿ.

ಒಂದು ವಾರ ಟ್ರೇ ಐಸ್ ಪ್ಲಾಂಟಿನ ಶೀತದ ಕೋಣೆಯಲ್ಲಿತ್ತು. ಪರೀಕ್ಷೆಯ ದಿನ ಬಾಗಿಲು ತೆಗೆದಾಗ ಬಿಳಿ ಹೊಗೆ ಕಾಲಿಗೆ ಸುತ್ತಿಕೊಂಡಿತು. ಬೆರಳಲ್ಲಿ ಬಡಿದರೆ ಕೆಸರು ಕಲ್ಲಿನ ಸದ್ದು ಮಾಡಿತು. ಒಂಟೆಗಳ ಕಣ್ಣಿನ ಮೇಲೆ ಹಿಮ ಕೂತಿತ್ತು. ಅವು ನನ್ನನ್ನೇ ನೋಡುತ್ತಿದ್ದವು. ಮೈ ಜುಮ್ಮೆಂದಿತು. ಚಳಿಗೆ ಎಂದುಕೊಂಡೆ.

ಏಪ್ರಿಲ್ ತಿಂಗಳ ಸೆಕೆ. ರಿಕ್ಷಾದಲ್ಲಿ ಕೊಡಿಯಾಲ್‌ಬೈಲಿನ ಕಾಲೇಜು ಮುಟ್ಟುವಷ್ಟರಲ್ಲಿ ಟ್ರೇಯ ಅಂಚು ಬೆವರುತ್ತಿತ್ತು. ನನ್ನ ಸರದಿ ಮಧ್ಯಾಹ್ನದ ಮೇಲೆ. ಅಟೆಂಡರ್ ನನ್ನನ್ನು ಟ್ರೇ ಸಮೇತ ಹಿಂದಿನ ಸ್ಟೋರಿಗೆ ಕಳಿಸಿದ. ಅಲ್ಲಿ ಪ್ರಾಣಿಶಾಸ್ತ್ರದವರ ಗಾಜಿನ ಜಾಡಿಗಳಲ್ಲಿ ಹಾವು, ಕಪ್ಪೆ, ಹುಟ್ಟದೇ ಹೋದ ಒಂದು ಹಂದಿಮರಿ.

ಈಗ ನನ್ನ ಘನಕಾರ್ಯ ಕೇಳಿ. ದೂರದ ಮಾರ್ಕೆಟಿಗೆ ಮೀನು ಕಳಿಸುವಾಗ ನಮ್ಮವರು ಐಸಿಗೆ ಉಪ್ಪು ಬೆರೆಸುತ್ತಾರೆ, ಶೀತ ಏರುತ್ತದೆ. ಉಪ್ಪು ತಾಗಿದ ಐಸ್ ಬೇಗ ಕರಗಿಯೂ ಹೋಗುತ್ತದೆ ಎಂದು ರಸಾಯನಶಾಸ್ತ್ರದಲ್ಲಿ ಓದಿ ಅಂಕವನ್ನೂ ಪಡೆದವನು ನಾನು. ಆದರೆ ತಲೆ ಕಾಲೇಜಿನದ್ದಾದರೂ ಕೈ ದಕ್ಕೆಯದ್ದು. ಮನೆಯಿಂದ ಕಟ್ಟಿ ತಂದಿದ್ದ ಎರಡು ಹಿಡಿ ಉಪ್ಪನ್ನು ಟಂಡ್ರಾದ ಮೇಲೆ ಎರಚಿಬಿಟ್ಟೆ!

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು.

ಆ ಮೌನದಲ್ಲಿ ಟ್ರೇಯೊಳಗಿಂದ ಚಿಟ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ಒಂದು ದೀರ್ಘ ಉಸಿರು. ಪಾಚಿ ಮೆಲ್ಲಗೆ ಉಬ್ಬಿ ಇಳಿಯಿತು. ಹಳೆಯ ಬಾವಿಯಂಥ ನಾತ ಮೇಲೆದ್ದಿತು. ಯಾರೂ ಮುಟ್ಟದೆ ಬೆಂಕಿಪೊಟ್ಟಣದ ಮನೆ ಒಂದು ಬದಿಗೆ ವಾಲಿತು. ಕೊಂಬಿನ ಒಂಟೆಯೊಂದು ಮೊಣಕಾಲವರೆಗೆ ಇಳಿಯಿತು, ಹೊಟ್ಟೆಯವರೆಗೆ ಇಳಿಯಿತು. ಕತ್ತು ಮಾತ್ರ ಉಳಿದು ನನ್ನ ಕಡೆ ತಿರುಗಿತು. ಎತ್ತಬೇಕೆಂದು ಕೈ ಚಾಚಿದವನು ಹಿಂದಕ್ಕೆಳೆದುಕೊಂಡೆ. ಕೆಳಗಿನಿಂದ ಏನೋ ಅದನ್ನು ಹಿಡಿದುಕೊಂಡಿದೆ ಎನ್ನಿಸಿತು. ಪದವಿಯ ಹೊಸ್ತಿಲಲ್ಲಿ ನಿಂತ ವಿಜ್ಞಾನದ ವಿದ್ಯಾರ್ಥಿ ನಾನು, ಕುಲದೈವವನ್ನು ನೆನೆಯುತ್ತಿದ್ದೆ.

"ಎಂತ ಇದು?"

ನಾನು ಹಾರಿಬಿದ್ದೆ. ಬಾಗಿಲಲ್ಲಿ ಪರೀಕ್ಷಕರು ನಿಂತಿದ್ದರು, ಹೊರಗಿನ ಕಾಲೇಜಿನ ಹಿರಿಯರು.

"ಟಂಡ್ರಾ ಸರ್."

"ಯಾವಾಗ ಸತ್ತದ್ದು?" ಎಂದು ಮೂಗಿಗೆ ಕರವಸ್ತ್ರ ಹಿಡಿದು ಬಗ್ಗಿದರು. ಅವರ ಕನ್ನಡಕದ ಕೆಳಗೇ ಒಂದು ಗುಳ್ಳೆ ಒಡೆಯಿತು. ಬಿಳಿ ಹರಳನ್ನು ಬೆರಳಿಗೆ ಹತ್ತಿಸಿಕೊಂಡು ನೋಡಿ, ಉಪ್ಪು ಯಾಕೆಂದು ಕೇಳಿದರು. ಐಸ್ ನಿಲ್ಲಲಿಕ್ಕೆ, ನಮ್ಮಲ್ಲಿ ಮೀನಿಗೆ ಹಾಕುತ್ತಾರೆ ಎಂದೆ. ಅವರು ನಗಲಿಲ್ಲ. ಇಬ್ಬರೂ ನಿಂತು ಎರಡನೆಯ ಒಂಟೆ ಮುಳುಗುವುದನ್ನು ನೋಡಿದೆವು.

"ಅಲ್ಲಿಯೂ ಹೀಗೇ ಆಗ್ತದೆ. ಬಿಸಿ ಏರಿದರೆ ನೆಲ ಕುಸೀತದೆ, ಅಂಚಿನ ಕಾಡಿನ ಮರಗಳು ಕುಡಿದವರ ಹಾಗೆ ವಾಲ್ತವೆ. ಒಳಗೆ ಕೊಳೆಯದೆ ಉಳಿದದ್ದೆಲ್ಲ ಕೊಳೀಲಿಕ್ಕೆ ಶುರು" ಎಂದರು ತಗ್ಗಿದ ದನಿಯಲ್ಲಿ. ಅದು ಕೊನೆಯ ಅಧ್ಯಾಯ! "ಹೇಳು, ಇದನ್ನು ಪುನಃ ಐಸ್ ಪ್ಲಾಂಟಿನಲ್ಲಿಟ್ಟರೆ ಮೊದಲಿನ ಹಾಗೆ ಆಗ್ತದಾ?"

ಹರಿದ ಪಾಚಿಯನ್ನು, ತಲೆಕೆಳಗಾದ ಮನೆಯನ್ನು ನೋಡಿದೆ.

"ಗಟ್ಟಿ ಆಗ್ತದೆ ಸರ್. ಮೊದಲಿನ ಹಾಗೆ ಆಗುವುದಿಲ್ಲ."

"ನೀನು ಹೇಳಿದ್ದರಲ್ಲಿ ಇದೊಂದು ಸರಿ" ಎಂದು ಏನೋ ಬರೆದುಕೊಂಡು ಹೋದರು.

ಸಂಜೆ ಮನೆಯಂಗಳದಲ್ಲಿ ಕೆಸರನ್ನೆಲ್ಲ ಬಗೆದೆ. ಒಂದು ಒಂಟೆ ಸಿಕ್ಕಿತು. ಇನ್ನೊಂದು ಇಂದಿಗೂ ಸಿಕ್ಕಿಲ್ಲ. ಟ್ರೇಯ ಆಳ ಒಂದೇ ಗೇಣು!

ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ ಬಂತು, ಒಂದೂ ಹೆಚ್ಚಿಲ್ಲ. ಮುಂದಿನ ವರ್ಷ ಕಾಲೇಜಿನ ಆಫೀಸಿನ ಕಿಟಕಿಯಿಂದ ಸರ್ಟಿಫಿಕೇಟು ಪಡೆದು ನೇರ ದಕ್ಕೆಗೆ ಹೋಗಿ, ವಂಶದ ಪ್ರಥಮ ಪದವೀಧರನಿಗೆ ತಕ್ಕ ಗಾಂಭೀರ್ಯದಿಂದ ಅಮ್ಮನಿಗೆ ಕೊಟ್ಟೆ. ಅವಳು ಕೈ ತೊಳೆದು, ಸೆರಗಿಗೆ ಎರಡು ಸಲ ಒರೆಸಿಕೊಂಡು ಅದನ್ನು ಹಿಡಿದಳು. ನನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ತೋರಿಸಿದೆ. ಬಹಳ ಹೊತ್ತು ಅಲ್ಲೇ ಬೆರಳಿಟ್ಟುಕೊಂಡು ಕೂತಳು.

"ಇಷ್ಟು ಸಣ್ಣದಾ ಮಗಾ? ದೊಡ್ಡ ಅಕ್ಷರದಲ್ಲಿ ಬರೀಬೇಕಾದ್ರೆ ಇನ್ನೆಷ್ಟು ವರ್ಷ ಓದ್ಬೇಕು?"