ಭೈರವಿ ಇಲ್ಲದ ಸ್ವೀಡನ್ ಕ್ಯಾಸೆಟ್

ಕ್ಯಾಸೆಟ್ ಅಂಗಡಿಗೆ ಜನ ಹಾಡು ಒಯ್ಯಲು ಬರುತ್ತಾರೆಂದು ತಿಳಿದಿದ್ದೆ. ಅಭಿಪ್ರಾಯ ಇಟ್ಟು ಹೋಗಲು ಬರುತ್ತಾರೆಂಬುದು ನವನಗರದಲ್ಲಿ ಅಂಗಡಿ ತೆರೆದ ಮೇಲೆ ಗೊತ್ತಾಯಿತು. ಎಲ್ಲಾ ವಿಠ್ಠಲನ ಇಚ್ಛೆ. ಆದರೂ ತೊಂಬತ್ತರ ದಶಕದ ಕೊನೆಗೆ ಬಂದ ಆ ಒಂದು ಕ್ಯಾಸೆಟ್ಟಿಗೆ ಬಂದಷ್ಟು ಅಭಿಪ್ರಾಯ ಬೇರೆ ಯಾವುದಕ್ಕೂ ಬರಲಿಲ್ಲ.

ಅದು ಸ್ವೀಡನ್ ದೇಶದ ಡಾನ್ಸ್ ಪಾಪ್ ತಂಡದ್ದು. ಅಕ್ಕ ತಂಗಿ ಇಬ್ಬರು ಹಾಡುವವರು, ಬಾರಿಸಲು ಇಬ್ಬರು ಗಂಡಸರು. ಅವರ ಮೊದಲ ಕ್ಯಾಸೆಟ್ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಪ್ರತಿ ಟೆಂಪೋದಲ್ಲಿ ಕೂಗಿತ್ತು. ಇದು ಕೆಲವು ವರ್ಷಗಳ ನಂತರದ್ದು.

ಗೋಪಿಚಂದನದ ಪೇಚು

ನಿವೃತ್ತ ಹೆಡ್‌ಮಾಸ್ತರರ ಮಗಳಿಗೆ ಕಾಲೇಜಿನ ಕೊನೆಯ ವರ್ಷ. ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಗೆಳತಿಯರೊಂದಿಗೆ ಈ ಕ್ಯಾಸೆಟ್ಟಿನ ಒಂದು ಹಾಡಿಗೆ ಕುಣಿಯಬೇಕೆಂದು ಬಹಳ ಆಸೆ. ಅದಕ್ಕೇ ಅಂಗಡಿಗೆ ಬಂದಳು.

“ಅಪ್ಪಾರು ನಿಮ್ಮ ಮ್ಯಾಲ ಹಾಕ್ಯಾರ್ರಿ ಕಾಕಾ. ನೀವು ಕೇಳಿ, ಅಡ್ಡಿ ಇಲ್ಲ ಅಂದ್ರ ತಾವೂ ಒಮ್ಮೆ ಕೇಳ್ತಾರಂತ. ಆಮ್ಯಾಲ ಹೂಂ ಅಂತಾರೋ, ಉಹೂಂ ಅಂತಾರೋ.”

“ನನಗ ಇಂಗ್ಲಿಷ್ ಬರೂದಿಲ್ಲವಾ ತಂಗಿ.”

“ಹಣಿ ಮ್ಯಾಲ ಗೋಪಿಚಂದನದ ನಾಮ ಐತೆಲ್ಲರಿ. ಅವರಿಗೆ ಅಷ್ಟ ಸಾಕು.”

ನನ್ನ ಪೇಚೂ ಅದೇ ಆಗಿತ್ತು. ಗೋಪಿಚಂದನ ಹಚ್ಚಿಕೊಂಡು ತಿಳಿಯದ್ದನ್ನು ತಿಳಿದವನಂತೆ ಹೇಳುವುದು ಹೇಗೆ? ಹುಡುಗಿಯೇ ಉಪಾಯ ಸೂಚಿಸಿದಳು.

“ಹಂಗಾರ ಒಂದೆರಡ ದಿನ ಹಚ್ಚಬ್ಯಾಡ್ರಿ.”

ರೊಟ್ಟಿಯ ತೀರ್ಪು

ಬೇರೆ ದಾರಿ ಕಾಣದೆ, ಮುಂಜಾನೆ ವಿಠ್ಠಲನನ್ನು ಕರೆಯುವ ಅಭಂಗ ಮುಗಿದ ಕೂಡಲೇ ಆ ಕ್ಯಾಸೆಟ್ ಹಚ್ಚಿ ಬಂದವರ ಅಭಿಪ್ರಾಯ ಕೇಳತೊಡಗಿದೆ. ಮೊದಲು ಬಂದವರು ಪಕ್ಕದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಅಜ್ಜಿ. ನನ್ನ ಅಂಗಡಿಯ ಹಾಡಿನ ತಾಳಕ್ಕೇ ಅವರ ಕೈ ಏಳುವುದು, ಬೀಳುವುದು. ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ಬಂದಿದ್ದರು.

“ಏನೋ ಇದು? ಮೊದಲಿನ ಹೆಣ್ಮಕ್ಕಳು ಹಾಡಿದ್ರ ರೊಟ್ಟಿ ಹಾಳಿಹಂಗ ತೆಳ್ಳಗ ಬರ್ತಿದ್ದವು. ಇದಕ್ಕ ದಪ್ಪ ಬರಾಕತ್ತಾವು.”

“ಅವರ ಅದಾರಬೇ. ಈ ಸಲ ಸ್ವಲ್ಪ ನಿಧಾನ ಮಾಡ್ಯಾರ.”

“ಯಾಕ, ಊಟ ಜಾಸ್ತಿ ಆತೇನು?”

“ಹಾಡು ಕೆಟ್ಟ ಅನಸ್ತದೇನಬೇ?”

ಅಜ್ಜಿ ನಿಂತು ಕೇಳಿದರು. “ಛಲೋ ಐತಿ. ಮನಸ್ಸಿಗೆ ತಂಪ ಅನಸ್ತೈತಿ. ಆದ್ರ ಮನಸ್ಸ ತಂಪಾದ್ರ ರೊಟ್ಟಿ ಬಡಿಯಾಕ ಆಗೂದಿಲ್ಲ. ಇದನ್ನ ಸಂಜಿಕ ಹಚ್ಚು, ಚಪಾತಿ ಲಟ್ಟಸ್ತೇನಿ.”

ಮುಗದದ ಚಿಂತೆ

ಮುಗದ ಹಳ್ಳಿಯಿಂದ ಹಾಲು ತರುವವರು ಹಾಡು ಕೇಳಲೇ ಇಲ್ಲ. ಹಳೆಯದು, ಹೊಸದು ಎರಡೂ ಕ್ಯಾಸೆಟ್ಟಿನ ಮೇಲಿನ ಫೋಟೋ ಪಕ್ಕಪಕ್ಕ ಹಿಡಿದು ನೋಡಿದರು.

“ಈ ಹುಡುಗಿ ಮೊದಲ ಮುಂದಿದ್ಲು. ಈಗ ಹಿಂದ ಸರದಾಳ, ಮುಖಾನೂ ಮಬ್ಬ ಐತಿ. ಇದು ಬ್ಯಾರೆ ಆಗೂ ಮನಿ ಲಕ್ಷಣರಿ. ನಮ್ಮಣ್ಣ ಬ್ಯಾರೆ ಆಗೂ ಮುಂದ ಮದವಿ ಫೋಟೋದಾಗ ಹಿಂಗ ನಿಂತಿದ್ದ.”

ನನಗೂ ಕಸಿವಿಸಿಯಾಯಿತು. ಆ ದಿನ ಸಂಜೆ ದೀಪ ಹಚ್ಚುವಾಗ, ಆ ಅಕ್ಕ ತಂಗಿ ಒಂದೇ ಮನೆಯಲ್ಲಿ ಇರಲಿ ಎಂದು ವಿಠ್ಠಲನಿಗೆ ಕೈಮುಗಿದೆ. ಮರುದಿನ ಹಾಲಿನವರು ಸೈಕಲ್ ಇಳಿಯುವ ಮೊದಲೇ ಕೇಳಿದರು.

“ಏನಾತ್ರಿ ಅವರದು?”

“ಏನೂ ಸುದ್ದಿ ಇಲ್ಲ.”

“ಹಿರ್ಯಾರು ಯಾರರ ಹೋಗಿ ಬುದ್ಧಿ ಹೇಳಬೇಕ್ರಿ. ನಾನ ಹೋಗ್ತಿದ್ದೆ, ಎಮ್ಮಿ ಹಿಂಡಾವರಿಲ್ಲ.”

ಅರ್ಧ ಮಾರ್ಕು

ಉಳಿದದ್ದು ಅರ್ಥ. ಅದಕ್ಕೆ ಇಂಗ್ಲಿಷ್ ಕಲಿಸುವ ಲೆಕ್ಚರರೊಬ್ಬರನ್ನು ಕೂಡ್ರಿಸಿ ಹುಡುಗಿ ಆರಿಸಿದ ಹಾಡು ಹಚ್ಚಿದೆ.

“ಯಾರನ್ನೋ ಬಾ ಬಾ ಅಂತ ಕರಿಯಾಕತ್ತಾರ. ಅವ ಬರೂದಿಲ್ಲ. ಮತ್ತ ಕರೀತಾರ.”

“ಯಾರ್ರಿ ಅವ?”

“ಹೆಸರು ಹೇಳಿಲ್ಲ.”

“ಕಡೀಕರ ಬರ್ತಾನೇನು?”

“ಇಲ್ಲರಿ.”

ನನ್ನ ಕಣ್ಣು ತುಂಬಿ ಬಂತು. ದಿನಾ ಮುಂಜಾನೆ ನಾನು ಮಾಡುವುದೂ ಇದನ್ನೇ ಅಲ್ಲವೇ? “ಸರ, ಇದು ಅಭಂಗನ ಆತಲ್ಲರಿ.”

ಲೆಕ್ಚರರು ನನ್ನ ಹಣೆ ನೋಡಿದರು, ಕ್ಯಾಸೆಟ್ ನೋಡಿದರು. “ಪರೀಕ್ಷಾದಾಗ ಹಿಂಗ ಬರದಿದ್ರ ಅರ್ಧಾ ಮಾರ್ಕ್ ಕೊಡ್ತಿದ್ದೆ.”

“ಉಳದ ಅರ್ಧಾ?”

“ಆ ಹುಡುಗ್ಯಾರ ಡಾನ್ಸ್ ನೋಡಿದ ಮ್ಯಾಲ.”

ಮಂಗಳ

ಅಡ್ಡಿ ಇಲ್ಲವೆಂದು ಹೇಳಿ ಕಳಿಸಿದೆ. ಸಂಜೆ ಹೆಡ್‌ಮಾಸ್ತರರು ಬಂದರು, ಹೊರಗೇ ಚಪ್ಪಲಿ ಬಿಟ್ಟು ಒಳಗೆ ಕೂತರು, ಕಣ್ಣು ಮುಚ್ಚಿದರು. ಧಾರವಾಡದ ಸಂಗೀತ ಬೈಠಕ್ಕುಗಳಲ್ಲಿ ಪಳಗಿದ ಕಿವಿ ಅವರದು. ಗಾಯಕರು ಕೊನೆಗೆ ಭೈರವಿ ಹಾಡಿ ಮಂಗಳ ಮಾಡುವ ತನಕ ಏಳುವುದಿಲ್ಲ, ತುಟಿ ಬಿಚ್ಚುವುದಿಲ್ಲ.

ನನ್ನ ಟೇಪ್ ರೆಕಾರ್ಡರೋ, ಒಂದು ಬದಿ ಮುಗಿದರೆ ತಾನೇ ಇನ್ನೊಂದು ಬದಿಗೆ ತಿರುಗುವಂಥದು. ಅದು ತಿರುಗಿತು. ಮತ್ತೆ ತಿರುಗಿತು. ಅವರು ಭೈರವಿಯ ದಾರಿ ಕಾಯುತ್ತಿದ್ದರು. ನಾನು ಅವರ ಧ್ಯಾನ ಕೆಡಿಸಬಾರದೆಂದು ಸುಮ್ಮನಿದ್ದೆ. ಅಜ್ಜಿಯ ಚಪಾತಿಯೆಲ್ಲ ಮುಗಿದವು. ತಂದೆಯನ್ನು ಹುಡುಕಿಕೊಂಡು ಮಗಳು ಬಂದು ಬಾಗಿಲಲ್ಲಿ ನಿಂತಳು. ಮುಖದಲ್ಲಿ ಜೀವವಿರಲಿಲ್ಲ.

ಹೆಡ್‌ಮಾಸ್ತರರು ಒಂದು ಕಣ್ಣು ತೆರೆದರು. “ಇದನ್ನ ಆಗಲೇ ಹಾಡಿದ್ರಲ್ಲ? ಯಾರರ ಮತ್ತೊಮ್ಮೆ ಹಾಡ್ರಿ ಅಂತ ಫರಮಾಯಿಷ್ ಮಾಡಿದ್ರೇನು?”

“ಇಲ್ಲರಿ, ಮಷೀನ ತಿರಗತೈತಿ.”

“ಭೈರವಿ?”

“ಇದರಾಗ ಇಲ್ಲರಿ.”

“ಹಂಗಾರ ನಾ ಏಳೂದ ಹ್ಯಾಂಗ?”

ಲಗುಬಗೆಯಿಂದ ಆ ಕ್ಯಾಸೆಟ್ ತೆಗೆದು ಭೈರವಿ ರಾಗದ ಒಂದು ಅಭಂಗ ಹಚ್ಚಿದೆ. ಅದು ಮುಗಿದ ಮೇಲೆ ಕೈಮುಗಿದು ಎದ್ದರು.

“ಪಾಪ, ದಣಿವಿಲ್ಲದ ಹಾಡ್ಯಾರ. ಮಂಗಳ ಒಂದ ಯಾರೂ ಕಲಿಸಿಲ್ಲ. ಕುಣಿಯವಾ. ಆದ್ರ ಕಡೀಕ ಭೈರವಿ ಆಗಬೇಕು.”

ಮಾತಿನಂತೆಯೇ ಗ್ಯಾದರಿಂಗಿನಲ್ಲಿ ಹುಡುಗಿಯರು ಕುಣಿದರು. ಕುಣಿದಾದ ಮೇಲೆ ಕೈಮುಗಿದು ನಿಂತರು, ನನ್ನ ಅಂಗಡಿಯ ಭೈರವಿ ಅಭಂಗ ಕೇಳಿಬಂತು. ಮುಂದಿನ ಸಾಲಿನಲ್ಲಿದ್ದ ಹೆಡ್‌ಮಾಸ್ತರರು ಎದ್ದರು. ಅವರ ಹಿಂದೆ ಊರ ಹಿರಿಯರೆಲ್ಲ ಎದ್ದರು. ಇಡೀ ಹಾಲ್ ಎದ್ದು ಚಪ್ಪಲಿ ಹುಡುಕತೊಡಗಿತು. ವೇದಿಕೆಯ ಮೇಲೆ ಪ್ರಿನ್ಸಿಪಾಲರು ಮಾತ್ರ ಭಾಷಣದ ಹಾಳೆ ಹಿಡಿದು ನಿಂತಿದ್ದರು.

“ಇನ್ನೂ ಕಾರ್ಯಕ್ರಮ ಐತ್ರಿ,” ಎಂದು ಯಾರೋ ತಡೆದರು.

“ಭೈರವಿ ಆದ ಮ್ಯಾಲ ಯಾರ ಕುಂದರ್ತಾರ್ರಿ?” ಎಂದು ಹೆಡ್‌ಮಾಸ್ತರರು ಹೊರಟೇ ಹೋದರು.

ಮರುದಿನ ಹುಡುಗಿ ಪೇಢೆ ಹಿಡಿದು ಅಂಗಡಿಗೆ ಬಂದಳು.

“ಕಾಕಾ, ಉಳದ ಕಾಲೇಜಿನ ಹುಡುಗ್ಯಾರೂ ಕ್ಯಾಸೆಟ್ ಕೇಳಾಕತ್ತಾರ್ರಿ.”

“ಸ್ವೀಡನ್ನಿನದೇನವಾ?”

“ಅಲ್ಲರಿ. ಭೈರವಿದು. ಪ್ರಿನ್ಸಿಪಾಲರು ಭಾಷಣಕ್ಕ ಏಳೂದ್ರಾಗ ಹಚ್ಚಬೇಕಂತ.”