ಬನ್ನಿನ ಪರವಲಯ

ಫಿಸಿಕ್ಸ್ ಮೇಷ್ಟ್ರನ್ನು ಕಟ್ಟಿಕೊಂಡು ಏನು ಸುಖ ಕಂಡೆ ಎಂದು ನನ್ನ ಹೆಂಡತಿ ಓಡಾಲಿಸ್ ಅರ್ಧ ಹವಾನಾಕ್ಕೆ ಹೇಳಿಕೊಂಡಿದ್ದಾಳೆ. ಮಿಕ್ಕರ್ಧಕ್ಕೆ ಈ ಗುರುವಾರ ತಾನಾಗಿಯೇ ಗೊತ್ತಾಯಿತು.

ನಮ್ಮದು ನಾಲ್ಕನೇ ಮಹಡಿ. ಲಿಫ್ಟ್ ಕೆಟ್ಟು ಎಷ್ಟು ಕಾಲವಾಯಿತೆಂದರೆ, ಅದರೊಳಗೆ ಯಾರೋ ಕೋಳಿ ಸಾಕಿದ್ದಾರೆ. ಬೆಳಗಿನ ಪಡಿತರದ ಬನ್ನು, ಅವಳಿಗೊಂದು ನಮ್ಮತ್ತೆಗೊಂದು (ನನ್ನದು ದಾರಿಯಲ್ಲೇ ಖಾಲಿ), ಬುಟ್ಟಿಗೆ ಹಾಕಿದರೆ ಅವಳು ಬಾಲ್ಕನಿಯಿಂದ ಹಗ್ಗ ಎಳೆದುಕೊಳ್ಳುತ್ತಿದ್ದಳು. ನಾನು ಸೀದಾ ಶಾಲೆಗೆ. ಆ ಹಗ್ಗ ಬುಧವಾರ ತುಂಡಾಯಿತು.

“ಹಗ್ಗ ಯಾಕೆ? ಎಸೀತೀನಿ ಕಣೇ,” ಎಂದೆ. “ಮೇಲಕ್ಕೆ ಹೋದ ವಸ್ತು ತುತ್ತತುದೀಲಿ ಒಂದು ಕ್ಷಣ ಏರೋದೂ ಇಲ್ಲ, ಇಳಿಯೋದೂ ಇಲ್ಲ. ಆ ತುದಿ ನಮ್ಮ ಬಾಲ್ಕನಿಗೇ ಬರೋ ಹಾಗೆ ಲೆಕ್ಕ ಹಾಕಿದೀನಿ. ನೀನು ಮಾವಿನಹಣ್ಣು ಕಿತ್ತ ಹಾಗೆ ಕಿತ್ಕೊಂಡ್ರಾಯ್ತು.”

“ಲೆಕ್ಕ ತಪ್ಪಿದ್ರೆ ಅಮ್ಮನ ತಿಂಡಿಗೆ ಏನು ಕೊಡ್ಲಿ, ನಿಮ್ಮ ಲೆಕ್ಕಾನಾ?”

ಲೆಕ್ಕ ತಪ್ಪಿರಲಿಲ್ಲ (ದಯವಿಟ್ಟು ಬರೆದಿಟ್ಟುಕೊಳ್ಳಿ). ಆದರೆ ತೋಳಿನ ವೇಗವನ್ನು ಮಾತ್ರ ನಾನು ಬೇಸ್‌ಬಾಲ್ ಆಡುತ್ತಿದ್ದ ಕಾಲದ್ದೇ ಹಿಡಿದಿದ್ದೆ. ಮೂವತ್ತು ವರ್ಷದಲ್ಲಿ ಗುರುತ್ವಾಕರ್ಷಣೆ ಬದಲಾಗಿಲ್ಲ, ನಾನು ಬದಲಾಗಿದ್ದೇನೆ. ಮರುದಿನ ಬೆಳಿಗ್ಗೆ ಬೀದಿಯಲ್ಲಿ ನಿಂತು ಎಸೆದ ಮೊದಲ ಬನ್ನು ಭವ್ಯ ಪರವಲಯದಲ್ಲಿ ಏರಿ, ಮೂರನೇ ಮಹಡಿಯ ಬಾಲ್ಕನಿಯೆದುರು ಗಕ್ಕನೆ ನಿಂತಿತು. ಅಲ್ಲಿ ಬಟ್ಟೆ ಹರವುತ್ತಿದ್ದ ವಿಧವೆ ಮಿಗ್ದಾಲಿಯಾ ಕೈ ಚಾಚಿ ತೆಗೆದುಕೊಂಡಳು.

“ಅಯ್ಯೋ ಮೇಷ್ಟ್ರೇ, ಇನ್ನೂ ಬಿಸಿಯಾಗಿದೆ!”

ಗಾಬರಿಯಲ್ಲಿ ಎರಡನೆಯದನ್ನೂ ಎಸೆದೆ. ಅದೂ ಅಲ್ಲಿಗೇ ಹೋಯಿತು. (ವಿಜ್ಞಾನದಲ್ಲಿ ಇದನ್ನು ನಿಖರತೆ ಎನ್ನುತ್ತಾರೆ, ಓಡಾಲಿಸ್ ಬೇರೇನೋ ಅಂದಳು.)

“ಇದೂ ನನಗೇನಾ? ನಾಚಿಕೆ ಆಗತ್ತಪ್ಪ, ಬೀದಿಯವರೆಲ್ಲ ನೋಡ್ತಿದಾರೆ!” ಎಂದಳು ಮಿಗ್ದಾಲಿಯಾ.

ಅದರ ಮೇಲಿನ ಮಹಡಿಯಿಂದ ಗುಡುಗು: “ರೀ! ಇಪ್ಪತ್ತೆರಡು ವರ್ಷದಲ್ಲಿ ನನಗೊಂದು ಹೂ ತಂದವರಲ್ಲ, ಅವಳಿಗೆ ಬಿಸಿಬಿಸಿ ಬನ್ನಾ?”

ಬನ್ನು ಹೋಗಿ ಬನ್ನ ಬಂತು. ಹತ್ತಿ ಹೋಗಿ ಕಾಲು ಹಿಡಿಯೋಣವೆಂದರೆ ಬೀದಿಬಾಗಿಲಿಗೆ ಬೀಗ; ನಮಗಿರುವ ಒಂದೇ ಕೀ ಅವಳ ಹತ್ತಿರ.

“ಓಡಾಲಿಸ್, ಚಿನ್ನಾ, ಕೀ ಎಸಿಯೇ!”

“ಭಾರದ್ದೂ ಹಗುರದ್ದೂ ಒಟ್ಟಿಗೇ ಬೀಳತ್ತೆ ಅಂತ ಮಕ್ಕಳ ತಲೆ ತಿಂತೀರಲ್ಲ? ಇವತ್ತು ನೋಡೇಬಿಡೋಣ!”

ನನ್ನ ಸೂಟ್‌ಕೇಸೂ ಒಂದು ಬೂಟೂ ಜೊತೆಯಾಗಿ ಹೊರಟು ಒಟ್ಟಿಗೇ ಧಡ್ ಎಂದವು. ಬೀದಿ ಚಪ್ಪಾಳೆ ತಟ್ಟಿತು. ನನಗೋ ಅಳುವೇ ಬಂತು.

ಮಿಗ್ದಾಲಿಯಾ, ಪಾಪ, ಬಾಯಿತುಂಬ ಬನ್ನು ಇಟ್ಟುಕೊಂಡೇ ಮರುಗಿದಳು. “ಅಳಬೇಡಿ ಮೇಷ್ಟ್ರೇ, ನನ್ನ ಕೀ ತಗೊಳ್ಳಿ!”

ಕಾಲುಚೀಲದಲ್ಲಿ ಕಟ್ಟಿದ ಕೀ ಹಾರಿಬಂತು. ಅಂಥ ಗುರಿಯನ್ನು ನಾನು ಜೀವಮಾನದಲ್ಲಿ ಕಂಡಿಲ್ಲ; ಸೀದಾ ನನ್ನ ಅಂಗೈಗೇ ಬಂದು ಕೂತಿತು. ಓಡಾಲಿಸ್ ಕೂಡ ನೋಡಿದಳು.