ಹುಬ್ಬೇರಿಸದೆ ಕೂರುವ ತರಬೇತಿ

ಮುಖ ನೋಡಿ ಮನಸ್ಸು ಅಳೆಯಬಾರದು ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರು ನನ್ನ ಮುಖ ನೋಡಿರಲಿಕ್ಕಿಲ್ಲ. ನನ್ನ ಮನಸ್ಸಿನಲ್ಲಿ ಏನಿದೆ ಎಂಬುದು ನನಗೆ ಸರಿಯಾಗಿ ತಿಳಿಯುವ ಮೊದಲೇ ಎದುರಿಗಿದ್ದವರಿಗೆ ತಿಳಿದುಹೋಗಿರುತ್ತದೆ. ಇಸ್ಪೀಟಿನಲ್ಲಿ ನಾನು ಗೆದ್ದವನಲ್ಲ. ನನ್ನ ಕೈಗೆ ಜೋಕರ್ ಬಂದದ್ದು ಪಕ್ಕದ ಕಟ್ಟೆಯ ಮೇಲೆ ಕೂತು ಬೀಡಿ ಸೇದುವವನಿಗೂ ಗೊತ್ತಾಗುತ್ತಿತ್ತು. ಹೆಣ್ಣು ನೋಡಲು ಕೊಟ್ಟೂರಿಗೆ ಹೋದಾಗ ಉಪ್ಪಿಟ್ಟಿಗೆ ಉಪ್ಪು ಒಂದು ಹಿಡಿ ಹೆಚ್ಚೇ ಬಿದ್ದಿತ್ತು. ನಾನು ಬಾಯಲ್ಲಿ "ಭಾಳ ಚಲೋ ಆಗೇತ್ರಿ" ಎಂದೆ. ಮುಖ ಏನು ಹೇಳಿತೋ ಕಾಣೆ, ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಒಳಗೆ ಹೋಗಿ ಮೊಸರು ತಂದು ನನ್ನ ತಟ್ಟೆಗೆ ಹಾಕಿದಳು. ಆ ಹುಡುಗಿಯೇ ಗಿರಿಜಾ. ಮದುವೆಯಾದ ಮೇಲೆ ಅವಳು ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳಿದ್ದಿಲ್ಲ. ಉತ್ತರ ಮಾತ್ರ ತೆಗೆದುಕೊಳ್ಳುತ್ತಾಳೆ.

ಮೇಷ್ಟರ ಕೆಲಸಕ್ಕೆ ಇಂಥ ಮುಖದಿಂದ ಲಾಭವೂ ಇದೆ. ಕಾನಹೊಸಹಳ್ಳಿಯ ಶಾಲೆಯಲ್ಲಿ ಪರೀಕ್ಷೆಯ ದಿನ ನಾನು ಕೈ ಹಿಂದೆ ಕಟ್ಟಿಕೊಂಡು, ತುಟಿ ಬಿಗಿದುಕೊಂಡು, ಸಾಲುಗಳ ನಡುವೆ ಬಹಳ ನಿಷ್ಠುರವಾಗಿ ಓಡಾಡುತ್ತಿದ್ದೆ. ಹುಡುಗರು ಉತ್ತರ ಬರೆದು ಒಮ್ಮೆ ತಲೆಯೆತ್ತಿ ನನ್ನ ಹುಬ್ಬು ನೋಡುತ್ತಿದ್ದರು. ಹುಬ್ಬು ನೆಟ್ಟಗಿದ್ದರೆ ಮುಂದಿನ ಲೆಕ್ಕ, ಗಂಟಿಕ್ಕಿದ್ದರೆ ರಬ್ಬರು. ನಮ್ಮ ಶಾಲೆಗೆ ಗಣಿತದಲ್ಲಿ ಒಳ್ಳೆಯ ಹೆಸರಿತ್ತು. ಆ ಹೆಸರನ್ನು ನಾನು ನನ್ನ ಬೋಧನೆಯ ಲೆಕ್ಕಕ್ಕೆ ಹಾಕಿಕೊಂಡು ಓಡಾಡುತ್ತಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಲ್ಲಿಯವರೆಗೆ ನಮ್ಮ ಕಡೆಯ ಶಾಲೆಗಳಲ್ಲಿ ಮಕ್ಕಳು ಎರಡೇ ಜಾತಿ: ಕಲಿತರೆ ಶಾಣ್ಯಾ, ಕಲಿಯದಿದ್ದರೆ ದಡ್ಡ. ಕಲಿಯದ ಮಗುವಿಗೆ ಕಣ್ಣು ಮಂಜೋ, ಕಿವಿ ಮಂದವೋ, ಬುದ್ಧಿಯ ಬೆಳವಣಿಗೆಯೇ ನಿಧಾನವೋ ಎಂದು ಪರೀಕ್ಷಿಸಿ ಹೇಳಬಲ್ಲ ಮೇಷ್ಟರು ತಾಲ್ಲೂಕಿಗೊಬ್ಬರಾದರೂ ಬೇಕು ಎಂದು ಮೇಲಿನವರಿಗೆ ಅನ್ನಿಸಿ, ಸುತ್ತಲಿನ ತಾಲ್ಲೂಕುಗಳಿಂದ ಒಬ್ಬೊಬ್ಬರನ್ನು ಹರಪನಹಳ್ಳಿಗೆ ತರಬೇತಿಗೆ ಕರೆದರು. ಕೂಡ್ಲಿಗಿ ತಾಲ್ಲೂಕಿನಿಂದ ನಾನು ಹೋದೆ. ಮಕ್ಕಳ ಮೇಲಿನ ಮಮತೆಯಿಂದ ಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ತರಬೇತಿ ಮುಗಿಸಿದವರಿಗೆ ತಾಲ್ಲೂಕು ಕೇಂದ್ರದಲ್ಲೇ ಕೆಲಸ ಎಂದಿದ್ದರು. ನಮ್ಮ ಮನೆ ಕೂಡ್ಲಿಗಿಯಲ್ಲಿ. ದಿನಾ ಕಾನಹೊಸಹಳ್ಳಿಯ ಬಸ್ಸಿನಲ್ಲಿ ಒಂದು ಕಾಲಿನ ಮೇಲೆ ನಿಂತು ಹೋಗಿಬರುವವನಿಗೆ ಮಮತೆಗಿಂತ ಮೊದಲು ಹೊಳೆಯುವುದು ಇದು.

ತರಬೇತಿ ಕೊಡಲು ಮೈಸೂರು ಕಡೆಯಿಂದ ವಿಮಲಾ ಮೇಡಂ ಎಂಬುವವರು ಬಂದಿದ್ದರು. ಬಿಳಿ ಸೀರೆ, ದಪ್ಪ ಕನ್ನಡಕ, ಅಳೆದು ಆಡುವ ಮಾತು. ಮೊದಲನೇ ದಿನವೇ ಅವರು ಹೇಳಿದರು: "ಇಲ್ಲಿ ನೀವು ಯಾರೂ ಮೇಷ್ಟ್ರಲ್ಲ. ಮಗುವಿಗೆ ಕಲಿಸಬಾರದು, ಸಹಾಯ ಮಾಡಬಾರದು, ಭೇಷ್ ಅನ್ನಲೂಬಾರದು. ಮಗು ಸರಿ ಮಾಡಲಿ, ತಪ್ಪು ಮಾಡಲಿ, ನಿಮ್ಮ ಮುಖ ಒಂದೇ ಥರ ಇರಬೇಕು. ಮುಖ ಬದಲಾದರೆ ಪರೀಕ್ಷೆ ಮಗುವಿನದ್ದಾಗಲ್ಲ, ನಿಮ್ಮದಾಗುತ್ತೆ."

ಹಡಗಲಿಯಿಂದ ಬಂದಿದ್ದ ಹಾಲಪ್ಪ ಮೇಷ್ಟರಿಗೆ ಇದೆಲ್ಲ ಹುಟ್ಟುತ್ತಲೇ ಬಂದ ವಿದ್ಯೆ. ಅವರಿಗೆ ಸಂತೋಷವಾಗಿದೆಯೋ ಹಲ್ಲು ನೋವೋ ಎಂದು ಅವರ ಹೆಂಡತಿಗೂ ತಿಳಿಯುತ್ತಿರಲಿಲ್ಲವಂತೆ. ನಾವಿಬ್ಬರೂ ಜೋಡಿ. ಅವರು ಮಗು, ನಾನು ಪರೀಕ್ಷಕ. ನಕ್ಷತ್ರ, ಚೌಕ, ಗುಂಡು ಹೀಗೆ ಬೇರೆ ಬೇರೆ ಆಕಾರದ ಕುಳಿ ಕೊರೆದ ಮರದ ಹಲಗೆಯೊಂದಿತ್ತು. ಅದದೇ ಆಕಾರದ ತುಂಡುಗಳನ್ನು ಆಯಾ ಕುಳಿಯಲ್ಲಿ ಕೂರಿಸಬೇಕು. ಹಾಲಪ್ಪ ಮೇಷ್ಟರು ಬೇಕೆಂದೇ ಚೌಕವನ್ನು ಗುಂಡಿನ ಕುಳಿಗೆ ಒತ್ತತೊಡಗಿದರೆ ನನ್ನ ಕೈ ತಾನಾಗಿಯೇ ಮುಂದೆ ಹೋಗಿಬಿಡುತ್ತಿತ್ತು. "ಕೈ!" ಎನ್ನುತ್ತಿದ್ದರು ಮೇಡಂ. ಕಡೆಗೆ ನಾನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತುಕೊಂಡೆ. "ಹುಬ್ಬು!" ಎಂದರು. ಕೈಯ ಮೇಲೇನೋ ಕೂರಬಹುದು, ಹುಬ್ಬಿನ ಮೇಲೆ ಹೇಗೆ ಕೂರುವುದು?

ಭಾನುವಾರ ಊರಿಗೆ ಬಂದಾಗ ಗಿರಿಜಾಗೆ ಸಂಕಟ ಹೇಳಿಕೊಂಡೆ. "ಅಷ್ಟ ಅಲ್ಲೇನ್ರಿ? ಕೂಡ್ರಿ, ನಾ ರೂಢಿ ಮಾಡಸ್ತೀನಿ" ಎಂದು ಎದುರಿಗೆ ಕೂತಳು. ನಾನು ಗೋಡೆಯಂತೆ ಕೂತೆ. "ಇವತ್ತು ಸಾರಿಗೆ ಉಪ್ಪು ಹಾಕಿಲ್ಲ" ಎಂದಳು. ಮುಖ ಅಲ್ಲಾಡಲಿಲ್ಲ. "ನಿಮ್ಮ ಹೊಸಾ ಅಂಗಿ ಇಸ್ತ್ರಿ ಮಾಡೋವಾಗ ಸುಟ್ಟೈತಿ" ಎಂದಳು. ಅದಕ್ಕೂ ತಡೆದುಕೊಂಡೆ. ಅವಳು ಸ್ವಲ್ಪ ಯೋಚಿಸಿ, "ನಮ್ಮಪ್ಪ ಬರ್ತಾನಂತ, ಶ್ರಾವಣ ಮುಗಿಯೋತನ ಇಲ್ಲೇ ಇರ್ತಾನಂತ" ಎಂದಳು. ನನ್ನ ಮುಖ ಏನಾಯಿತೋ ನನಗೆ ತಿಳಿಯದು. ಗಿರಿಜಾ ಎದ್ದು ನಿಂತು, "ಗೊತ್ತಾತು ಬಿಡ್ರಿ ನಿಮ್ಮ ಮನಸ್ನ್ಯಾಗ ಏನೈತಿ ಅಂತ" ಎಂದು ಒಳಗೆ ಹೋದವಳು ರಾತ್ರಿ ಊಟಕ್ಕೂ ಕರೆಯಲಿಲ್ಲ. ಉಪ್ಪು, ಅಂಗಿ, ಮಾವ ಮೂರೂ ಸುಳ್ಳಾಗಿದ್ದವು, ಸಿಟ್ಟೊಂದೇ ನಿಜವಾಗಿತ್ತು.

ಹೀಗೇ ತರಬೇತಿ ಮುಗಿಯುತ್ತ ಬಂತು. ಕಡೆಗೆ ಒಂದು ಪ್ರಾಯೋಗಿಕ ಪರೀಕ್ಷೆ. ಒಬ್ಬೊಬ್ಬ ಮೇಷ್ಟರೂ ನಿಜವಾದ ಮಗುವೊಂದನ್ನು ಮೇಡಂ ಎದುರಿಗೆ ಪರೀಕ್ಷಿಸಿ ಅಭಿಪ್ರಾಯ ಹೇಳಬೇಕು. ನನ್ನ ಪಾಲಿಗೆ ಬಂದವಳು ಚಿಗಟೇರಿಯ ರೇಣುಕಾ. ಎಂಟೊಂಬತ್ತು ವರ್ಷದ, ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದ, ಕಣ್ಣು ಮಾತ್ರ ಒಂದು ಕಡೆ ನಿಲ್ಲದ ಹುಡುಗಿ. ಜೊತೆಗೆ ತಾಯಿ ದುರುಗಮ್ಮ. ಚಿಗಟೇರಿಯ ಬಸ್ಸು ನಿಲ್ಲುವ ಜಾಗದಲ್ಲಿ ಮಿರ್ಚಿ ಮಂಡಕ್ಕಿ ಮಾರುವವಳು. ಆ ದಿನ ಅಂಗಡಿ ಮುಚ್ಚಿ ಬಂದಿದ್ದಳು.

"ಸಣ್ಣಾಕಿ ಇದ್ದಾಗ ಚಂದಾಗಿ ಮಾತಾಡ್ತಿದ್ಳ್ರಿ. ಒಂದ್ ಸಲ ಜ್ವರ ಬಂತು, ಆಮ್ಯಾಲೆ ಮಂಕಾಗ್ಯಾಳ" ಎಂದಳು ದುರುಗಮ್ಮ. "ಕಿವಿ ಚಲೋ ಅದಾವ್ರಿ, ಕರದ್ರ ಬರ್ತಾಳ. ಹಾಜರಿ ಕರದ್ರ ಎದ್ದು ನಿಲ್ತಾಳ. ಆದ್ರ ತಲಿಗೆ ಏನೂ ಹತ್ತಂಗಿಲ್ಲ ಅಂತಾರ ಹೆಡ್‌ಮೇಷ್ಟ್ರು. ಈ ವರ್ಷ ಸಾಲಿ ಬಿಡಸಿಬಿಡು ಅಂದಾರ. ನೀವು ಏನ್ ಹೇಳ್ತೀರೋ ಅದರ ಮ್ಯಾಲೆ ಐತ್ರಿ."

ಮೊದಲು ಕಿವಿಯ ಪರೀಕ್ಷೆ. ಹುಡುಗಿಯ ಎದುರಿಗೆ ನಾನು ಕೂತು ಮಣಿ, ಗೊಂಬೆ ತೋರಿಸುತ್ತ ಅವಳ ಗಮನ ಹಿಡಿದಿಡಬೇಕು. ಅವಳ ಬೆನ್ನ ಹಿಂದೆ ಮೇಡಂ ನಿಂತು ಸ್ಟೀಲ್ ತಟ್ಟೆ ಬಾರಿಸುತ್ತಾರೆ. ಸದ್ದು ಕೇಳಿದರೆ ಹುಡುಗಿ ತಿರುಗುತ್ತಾಳೆ, ಇಲ್ಲದಿದ್ದರೆ ಇಲ್ಲ. ನಾನು ಕೈಗಳ ಮೇಲೆ ಕೂತಿರಲು ಆಗದು, ಗೊಂಬೆ ಹಿಡಿಯಬೇಕಲ್ಲ. ಆದ್ದರಿಂದ ಇದ್ದ ಶಕ್ತಿಯನ್ನೆಲ್ಲ ಹುಬ್ಬಿಗೆ ಕೊಟ್ಟು ಕೂತೆ. ಮೇಡಂ ಎಡಕ್ಕೆ ತಟ್ಟೆ ಬಾರಿಸಿದರು, ರೇಣುಕಾ ಎಡಕ್ಕೆ ತಿರುಗಿದಳು. ಬಲಕ್ಕೆ ಬಾರಿಸಿದರು, ಬಲಕ್ಕೆ ತಿರುಗಿದಳು. ಒಂದೂ ತಪ್ಪಲಿಲ್ಲ. ಕಿವಿ ಸರಿಯಾಗಿದೆ ಎಂದಾಯಿತು.

ಆಮೇಲೆ ಮಾತಿನ ಪರೀಕ್ಷೆ. ಪುಸ್ತಕದಲ್ಲಿ ಇದ್ದದ್ದನ್ನು ಒಂದು ಅಕ್ಷರವೂ ಬದಲಾಗದಂತೆ ಓದಬೇಕೆಂಬುದು ನಿಯಮ. ನಾನು ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು "ಕೆಂಪು ಮಣಿಯನ್ನು ಕೊಡು" ಎಂದು ಗಟ್ಟಿಯಾಗಿ ಓದಿದೆ. ಉತ್ತರವಿಲ್ಲ. "ಗೊಂಬೆಯನ್ನು ಡಬ್ಬಿಯಲ್ಲಿ ಇಡು" ಎಂದೆ. ಹುಡುಗಿ ಪುಸ್ತಕದ ರಟ್ಟನ್ನೇ ನೋಡುತ್ತಿದ್ದಳು. ಕಡೆಯ ಪ್ರಶ್ನೆಯವರೆಗೂ ಅಷ್ಟೇ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ದುರುಗಮ್ಮನಿಗೆ ಮೆಲ್ಲಗೆ ಹೇಳಿದರು: "ನೋಡಮ್ಮ, ಮಗುವಿಗೆ ಕಿವಿ ಕೇಳಿಸ್ತಿದೆ. ಆದರೆ ಹೇಳಿದ್ದು ಅರ್ಥವಾಗ್ತಿಲ್ಲ. ಬುದ್ಧಿಯ ಬೆಳವಣಿಗೆ ಕಡಿಮೆ ಅಂತ ಕಾಣುತ್ತೆ."

"ಹಂಗಾರ ಹೆಡ್‌ಮೇಷ್ಟ್ರು ಹೇಳಿದ್ದು ಖರೇನ್ರಿ?" ಎಂದಳು ದುರುಗಮ್ಮ. ಅಳಲಿಲ್ಲ. ಮಗಳ ಜಡೆಯ ಟೇಪು ಬಿಚ್ಚಿ, ಮತ್ತೆ ಕಟ್ಟತೊಡಗಿದಳು.

ಮೇಡಂ ನನ್ನ ಕಡೆ ತಿರುಗಿ, "ಇವತ್ತು ಪರವಾಗಿಲ್ಲ, ಮುಖ ಹಿಡಿತದಲ್ಲಿತ್ತು" ಎಂದರು. ಕೂಡ್ಲಿಗಿಯ ಕಚೇರಿಯಲ್ಲಿ ನನ್ನ ಕುರ್ಚಿ ನನಗೆ ಕಾಣಿಸಿತು. ಆ ಖುಷಿಯಲ್ಲಿ ಕಿಟಕಿಯಾಚೆ ನೋಡಿದೆ. ರೇಣುಕಾ ಕೂಡ ಕಿಟಕಿಯ ಕಡೆ ತಿರುಗಿದಳು. ಹೊರಗೆ ಏನೂ ಇರಲಿಲ್ಲ. ನಾನು ಸೂರಿನ ಕಡೆ ನೋಡಿದೆ. ಅವಳೂ ಸೂರು ನೋಡಿದಳು. ನನ್ನ ಚಪ್ಪಲಿ ನೋಡಿಕೊಂಡೆ; ಅವಳು ಬಗ್ಗಿ ನನ್ನ ಚಪ್ಪಲಿಯನ್ನು ನನಗಿಂತ ಶ್ರದ್ಧೆಯಿಂದ ನೋಡಿದಳು. ಆಗ ಹೊಳೆಯಿತು. ತಟ್ಟೆ ಎಡಕ್ಕೆ ಬಂದಾಗ ನನ್ನ ಕಣ್ಣು ಎಡಕ್ಕೆ ಹೋಗಿರಬೇಕು, ಬಲಕ್ಕೆ ಬಂದಾಗ ಬಲಕ್ಕೆ. ಹುಬ್ಬನ್ನು ಕಾಯುವ ಗಡಿಬಿಡಿಯಲ್ಲಿ ಕಣ್ಣನ್ನು ನಾನು ಕಟ್ಟಿಹಾಕಿರಲಿಲ್ಲ. ಮುಖ ಪುಸ್ತಕದ ಹಿಂದೆ ಹೋದ ಕೂಡಲೇ ಹುಡುಗಿಗೆ ಏನೂ ತಿಳಿಯಲಿಲ್ಲ.

ಇಲ್ಲಿ ನಾನು ತಕ್ಷಣ ಎದ್ದು ಸತ್ಯ ಹೇಳಿದೆ ಎಂದು ಓದುಗರು ಭಾವಿಸಿದರೆ ನನಗೆ ಸಂತೋಷ. ನಾನು ಸುಮ್ಮನೆ ಕೂತಿದ್ದೆ. ಹೇಳಿದರೆ ನನ್ನ ಪರೀಕ್ಷೆ ಕೆಟ್ಟಂತೆ, ಕುರ್ಚಿ ಹೋದಂತೆ. ಹೇಳದಿದ್ದರೆ ಹುಡುಗಿಯ ಶಾಲೆ ಹೋದಂತೆ. ಇವೆರಡರ ನಡುವೆ ನಾನು ಯಾವ ಕಡೆ ವಾಲುತ್ತಿದ್ದೆನೋ ದೇವರಿಗೇ ಗೊತ್ತು. ಅಷ್ಟರಲ್ಲಿ ಮೇಡಂ ನನ್ನನ್ನು ನೋಡಿ, "ಏನಾಯ್ತು ಮೇಷ್ಟ್ರೇ?" ಎಂದರು.

"ಏನಿಲ್ರಿ."

"ಏನಿಲ್ಲ ಅನ್ನೋ ಮುಖ ಅಲ್ಲ ಇದು. ಹೇಳಿ."

ಹೇಳಿದೆ. ಮುಖ ಮೊದಲೇ ಅರ್ಧ ಹೇಳಿಬಿಟ್ಟಿದ್ದರಿಂದ ಉಳಿದರ್ಧಕ್ಕೆ ದೊಡ್ಡ ಧೈರ್ಯವೇನೂ ಬೇಕಾಗಲಿಲ್ಲ.

ಮೇಡಂ ತಟ್ಟೆ ಕೈಗೆತ್ತಿಕೊಂಡರು. "ನೀವು ಗೋಡೆಯ ಕಡೆ ತಿರುಗಿ" ಎಂದರು. ಗೋಡೆಯ ಕಡೆ ತಿರುಗಿದರೂ ನನ್ನ ಮೇಲೆ ನಂಬಿಕೆ ಸಾಲದೆ, "ತಲೆ ಮೇಲೆ ಟವೆಲ್ಲು ಹಾಕ್ಕೊಳ್ಳಿ" ಎಂದರು. ಹಾಕಿಕೊಂಡೆ. ನನ್ನ ಜಾಗದಲ್ಲಿ, ತಮ್ಮ ಸರದಿಗೆ ಕಾಯುತ್ತಿದ್ದ ಹಾಲಪ್ಪ ಮೇಷ್ಟರನ್ನು ಕೂರಿಸಿದರು. ತಟ್ಟೆಯ ಸದ್ದು ಕೇಳಿಸಿತು, ಆಮೇಲೆ ಇನ್ನೂ ಜೋರಾಗಿ, ಆಮೇಲೆ ಹೊರಗಿನ ಬೇವಿನ ಮರದ ಕಾಗೆಗಳೆಲ್ಲ ಎದ್ದು ಹೋಗುವಷ್ಟು ಜೋರಾಗಿ. "ತಿರುಗಲಿಲ್ಲ" ಎಂದರು ಮೇಡಂ. ರೇಣುಕಾ ಹಾಲಪ್ಪ ಮೇಷ್ಟರ ಮುಖದಲ್ಲಿ ಏನಾದರೂ ಸಿಕ್ಕೀತೇ ಎಂದು ಬಹಳ ಹೊತ್ತು ಹುಡುಕಿ, ಬೇಸತ್ತು, ಟವೆಲ್ಲು ಹೊದ್ದು ನಿಂತ ನನ್ನನ್ನು ನೋಡಿ ಕಿಲಕಿಲ ನಕ್ಕಳಂತೆ. ಆ ನಗೆ ಮಾತ್ರ ನನಗೆ ಟವೆಲ್ಲಿನ ಒಳಗೂ ಕೇಳಿಸಿತು.

ಆಮೇಲೆ ಮಾತಿಲ್ಲದ ಪರೀಕ್ಷೆ. ಮೇಡಂ ಮರದ ಹಲಗೆಯನ್ನು ಅವಳ ಮುಂದಿಟ್ಟು, ಒಂದು ತುಂಡನ್ನು ಕೂರಿಸಿ ತೋರಿಸಿದರು. ತಟತಟ ಎಂದು ಮರಕ್ಕೆ ಮರ ತಾಗುವ ಸದ್ದು ಒಂದೇ ಸಮನೆ ಬಂತು, ನಿಂತಿತು. "ಮುಗೀತಾ?" ಎಂದರು ಮೇಡಂ, ತಮಗೆ ತಾವೇ. ಅವರ ದನಿ ಬದಲಾಗಿತ್ತು. ಟವೆಲ್ಲಿನ ಅಂಚಿನಿಂದ ಕದ್ದು ನೋಡಿದೆ. ಯಾವ ಮಗುವಿನ ಎದುರೂ ಮುಖ ಬದಲಿಸಬಾರದು ಎಂದ ವಿಮಲಾ ಮೇಡಂ ಹಲ್ಲು ಕಾಣುವಂತೆ ನಗುತ್ತಿದ್ದರು.

"ಕಿವಿ ಕೇಳಿಸ್ತಿಲ್ಲಮ್ಮ. ಬುದ್ಧಿ ಬಹಳ ಚುರುಕು" ಎಂದು ದುರುಗಮ್ಮನಿಗೆ ಹೇಳಿ, ನನ್ನ ಕಡೆ ತಿರುಗಿದರು. "ಮಗು ಪಾಸು. ನೀವು ಮುಂದಿನ ತಂಡದ ಜೊತೆ ಇನ್ನೊಂದು ಸಲ ಬನ್ನಿ."

ರೇಣುಕಾ ಶಾಲೆಯಲ್ಲಿ ಉಳಿದಳು. ಮೇಷ್ಟರ ಮುಖ ಕಾಣುವಂತೆ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ಮೇಡಂ ತಾವೇ ಚಿಗಟೇರಿಗೆ ಹೋಗಿ ಹೇಳಿಬಂದರು. ಕಿವಿಗೆ ಯಂತ್ರ ಬಂದದ್ದು ಸ್ವಲ್ಪ ತಡವಾಗಿ. ಕೂಡ್ಲಿಗಿಯ ಕುರ್ಚಿ ನನಗೆ ಇನ್ನೂ ತಡವಾಗಿ ಬಂತು. ಅಲ್ಲಿಯವರೆಗೆ ಕಾನಹೊಸಹಳ್ಳಿಯ ಬಸ್ಸಿನ ಕಂಡಕ್ಟರು ನನ್ನ ಮುಖ ನೋಡಿಯೇ ಚಿಲ್ಲರೆ ಇದೆಯೋ ಇಲ್ಲವೋ ಹೇಳುತ್ತಿದ್ದ.

ಆದರೆ ಆ ಸಂಜೆ ನಡೆದದ್ದು ಹೇಳಬೇಕು. ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಮಗಳಿಬ್ಬರನ್ನೂ ಬಸ್ಸಿಗೆ ಹತ್ತಿಸಲು ಹೋಗಿದ್ದೆ. ದುರುಗಮ್ಮ ಕಿಟಕಿಯ ಪಕ್ಕ ಕೂತು ಕೇಳಿದಳು: "ಮತ್ತ ನಿಮ್ದು ಏನಾತ್ರಿ ಮೇಷ್ಟ್ರೇ?"

"ನಂದು ಫೇಲಾತವ್ವ. ಇನ್ನೊಮ್ಮೆ ಬಾ ಅಂದಾರ."

ಅವಳಿಗೆ ನಿಜವಾಗಿಯೂ ಕೆಡುಕೆನಿಸಿತು. "ಅದಕ್ಯಾಕ ಮಾರಿ ಸಣ್ಣದು ಮಾಡ್ಕಂತೀರಿ?" ಎಂದಳು. "ಎಲ್ಲಾರಿಗೂ ಒಮ್ಮಿಗೇ ಬರ್ತೈತೇನ್ರಿ? ಬುದ್ಧಿ ಇಲ್ಲ ಅಂತ ಅಲ್ಲ, ನಿಮಗ ತಿಳಿಯೋಹಂಗ ಹೇಳಿಕೊಡೋರು ಬೇಕು, ಅಷ್ಟ."

ಆ ಮಾತಿಗೆ ನಾನು, ತರಬೇತಿಯನ್ನೆಲ್ಲ ನೆನಪಿಸಿಕೊಂಡು, ಮುಖವನ್ನು ಗೋಡೆಯಂತೆ ನಿಲ್ಲಿಸಿದೆ. ಬಸ್ಸು ಹೊರಟಿತು. ರೇಣುಕಾ ಕಿಟಕಿಯಿಂದ ತಲೆ ಹೊರಹಾಕಿ ನನ್ನ ಮುಖವನ್ನೇ ನೋಡುತ್ತಿದ್ದವಳು, ತಾಯಿಯ ಸೆರಗು ಎಳೆದು ಅವಳಿಗೂ ತೋರಿಸಿದಳು. ಇಬ್ಬರೂ ನಕ್ಕರು.